ಪವಾಡ ಬೇಡ, ಆ ಹದಿನೈದು ವರ್ಷ ಬರೆಯಿರಿ

ನಮಸ್ಕಾರ.

ಪಾರ್ಕ್ ಹ್ಯಾಂಗ್-ಸಿಯೊ ಕುರಿತು ನೀವು ಕಳಿಸಿದ ವ್ಯಕ್ತಿಚಿತ್ರ ಓದಿದೆ. ದಕ್ಷಿಣ ಕೊರಿಯಾದ ಒಬ್ಬ ಫುಟ್‌ಬಾಲ್ ಕೋಚ್ 2017ರಲ್ಲಿ ವಿಯೆಟ್ನಾಂಗೆ ಹೋಗಿ, ಐದು ವರ್ಷದಲ್ಲಿ ಆ ದೇಶದ ಆಟವನ್ನು ಏಷ್ಯಾ ಗಮನಿಸುವಂತೆ ಮಾಡಿದ ಕಥೆ ಕನ್ನಡದಲ್ಲಿ ಬರಬೇಕಾದದ್ದೇ. ಕ್ರೀಡಾ ಬರಹ ಅಂದರೆ ಕ್ರಿಕೆಟ್ ಅನ್ನುವಂತಾಗಿರುವ ನಮ್ಮಲ್ಲಿ ನೀವು ಇವರನ್ನು ಆರಿಸಿಕೊಂಡದ್ದು ನನಗೆ ಖುಷಿ ಕೊಟ್ಟಿತು. ಆದರೆ ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲಾರೆ. ಯಾಕೆಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ನೀವು ಇನ್ನೊಮ್ಮೆ ಬರೆಯಬೇಕು ಅನ್ನುವುದು ನನ್ನ ಆಸೆ.

ನಿಮ್ಮ ಎರಡನೇ ಪುಟದಲ್ಲಿ ಒಂದು ವಾಕ್ಯವಿದೆ: ‘ನಂತರ ಹಲವು ಕ್ಲಬ್‌ಗಳಿಗೆ ತರಬೇತಿ ನೀಡಿ 2017ರಲ್ಲಿ ವಿಯೆಟ್ನಾಂಗೆ ಬಂದರು.’ ನಿಮ್ಮ ಇಡೀ ಲೇಖನ ಕುಸಿದಿರುವುದು ಇಲ್ಲಿ. 2002ರಿಂದ 2017ರವರೆಗಿನ ಹದಿನೈದು ವರ್ಷಗಳನ್ನು ಒಂದೇ ಹೆಜ್ಜೆಯಲ್ಲಿ ದಾಟಿಬಿಟ್ಟಿದ್ದೀರಿ. ಹಾಗೆ ದಾಟಿದ ಮೇಲೆ ವಿಯೆಟ್ನಾಂನಲ್ಲಿ ನಡೆದದ್ದೆಲ್ಲ ಪವಾಡದಂತೆ ಕಾಣಲೇಬೇಕು. ಅದಕ್ಕೇ ‘ಮಾಂತ್ರಿಕ’, ‘ಅಪ್ರತಿಮ’, ‘ಪವಾಡಪುರುಷ’ ಅನ್ನುವ ಪದಗಳು ಸಾಲುಸಾಲಾಗಿ ಬಂದಿವೆ. ಮನುಷ್ಯ ಹೇಗೆ ಕೆಲಸ ಮಾಡಿದ ಅನ್ನುವುದನ್ನು ಹುಡುಕದೆ ಬಿಟ್ಟ ಜಾಗವನ್ನು ವಿಶೇಷಣಗಳು ತುಂಬಿಕೊಳ್ಳುತ್ತವೆ.

2002ನೇ ವರ್ಷವನ್ನೇ ನೋಡಿ. ಜೂನ್ 4ರಂದು ಬುಸಾನ್‌ನಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಪೋಲೆಂಡ್ ವಿರುದ್ಧ ಕೊರಿಯಾದ ಮೊದಲ ಗೋಲು ಹೊಡೆದ ಹ್ವಾಂಗ್ ಸುನ್-ಹಾಂಗ್ ನೇರವಾಗಿ ಓಡಿಬಂದು ತಬ್ಬಿಕೊಂಡದ್ದು ಮುಖ್ಯ ಕೋಚ್ ಗುಸ್ ಹಿಡಿಂಕ್ ಅವರನ್ನಲ್ಲ, ಸಹಾಯಕ ಕೋಚ್ ಪಾರ್ಕ್ ಅವರನ್ನು. ವಿಶ್ವಕಪ್ ಇತಿಹಾಸದಲ್ಲೇ ಕೊರಿಯಾದ ಮೊದಲ ಗೆಲುವು ಅದು. ಇದನ್ನು ನೀವು ಚೆನ್ನಾಗಿ ಬರೆದಿದ್ದೀರಿ. ಆದರೆ ನಾಲ್ಕೇ ತಿಂಗಳ ನಂತರ ಅದೇ ಬುಸಾನ್ ಏಷ್ಯನ್ ಗೇಮ್ಸ್‌ಗೆ ಆತಿಥ್ಯ ವಹಿಸಿತು, ಕೊರಿಯಾ ತಂಡದ ಕೋಚ್ ಪಾರ್ಕ್ ಆಗಿದ್ದರು, ಸೆಮಿಫೈನಲ್‌ನಲ್ಲಿ ಇರಾನ್ ಎದುರು ಪೆನಾಲ್ಟಿಯಲ್ಲಿ ಸೋತು ಕಂಚಿಗೆ ತೃಪ್ತಿಪಟ್ಟರು, ಕೋಚ್ ಹುದ್ದೆ ಹೋಯಿತು. ಇದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ವಿಶ್ವಕಪ್‌ನಲ್ಲಿ ನಾಲ್ಕನೇ ಸ್ಥಾನ ಕಂಡಿದ್ದ ದೇಶಕ್ಕೆ ತವರಿನ ಕಂಚು ಸಾಲಲಿಲ್ಲ. ಒಂದೇ ಬೇಸಿಗೆಯಲ್ಲಿ ಹೆಗಲ ಮೇಲೆ ಹೊತ್ತು ಮೆರೆಸಿದವರು ಮಳೆಗಾಲ ಕಳೆಯುವುದರೊಳಗೆ ಇಳಿಸಿದರು. ಇದನ್ನು ಬಿಟ್ಟು ಆ ಅಪ್ಪುಗೆಯನ್ನು ಮಾತ್ರ ಹೇಳಿದರೆ ಓದುಗನಿಗೆ ಅರ್ಧ ಮನುಷ್ಯ ಸಿಗುತ್ತಾನೆ.

ಮುಂದಿನದನ್ನು ಎಲ್ಲವನ್ನೂ ಸಮಸಮವಾಗಿ ಬರೆಯಬೇಕಿಲ್ಲ. ತಮ್ಮ ಹುಟ್ಟೂರಿರುವ ಪ್ರಾಂತ್ಯದ ಗ್ಯೊಂಗ್‌ನಾಮ್ ಎಂಬ ಹೊಸ ಕ್ಲಬ್‌ಗೆ ಮೊದಲ ಕೋಚ್ ಆಗಿ ಹೋದದ್ದು, 2007ರಲ್ಲಿ ಅದನ್ನು ನಾಲ್ಕನೇ ಸ್ಥಾನಕ್ಕೆ ತಂದದ್ದು, 2008ರಿಂದ 2010ರವರೆಗೆ ಜೊನ್‌ನಾಮ್ ಕ್ಲಬ್‌ನಲ್ಲಿ ಇದ್ದದ್ದು, ಇಷ್ಟಕ್ಕೆ ಒಂದು ಪ್ಯಾರಾ ಸಾಕು. ನಿಲ್ಲಬೇಕಾದದ್ದು ಸಾಂಗ್ಜು ಸಾಂಗ್ಮುವಿನಲ್ಲಿ. ಅದು ಸೇನೆಯ ತಂಡವಾಗಿತ್ತು. ಕಡ್ಡಾಯ ಸೈನಿಕ ಸೇವೆಗೆ ಬರುವ ವೃತ್ತಿಪರ ಆಟಗಾರರು ಸುಮಾರು ಎರಡು ವರ್ಷ ಅಲ್ಲಿ ಆಡಿ, ಅವಧಿ ಮುಗಿದೊಡನೆ ತಮ್ಮ ತಮ್ಮ ಕ್ಲಬ್‌ಗಳಿಗೆ ಮರಳುತ್ತಿದ್ದರು. ಕೋಚ್ ಯಾರನ್ನೂ ಕೊಳ್ಳುವಂತಿರಲಿಲ್ಲ, ಯಾರನ್ನೂ ಉಳಿಸಿಕೊಳ್ಳುವಂತಿರಲಿಲ್ಲ. ತಂಡ ಕುದುರಿತು ಅನ್ನುವಷ್ಟರಲ್ಲಿ ಹಿರಿಯರು ಹೊರಟಿರುತ್ತಿದ್ದರು. ಪಾರ್ಕ್ ಅಲ್ಲಿ 2012ರಿಂದ 2015ರವರೆಗೆ ಇದ್ದರು. 2013ರಲ್ಲಿ ಎರಡನೇ ದರ್ಜೆ ಗೆದ್ದು ಮೇಲೇರಿದರು, 2014ರಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದು ಕೆಳಗಿಳಿದರು, 2015ರಲ್ಲಿ ಮತ್ತೆ ಗೆದ್ದು ಮತ್ತೆ ಮೇಲೇರಿಸಿದರು.

ನನ್ನ ಓದಿನಲ್ಲಿ ವಿಯೆಟ್ನಾಂನ ಪಾರ್ಕ್ ತಯಾರಾದದ್ದು ಇಲ್ಲಿ. ರಾಷ್ಟ್ರೀಯ ತಂಡದ ಕೋಚ್‌ಗೂ ಆಟಗಾರರು ಸಾಲವಾಗಿಯೇ ಸಿಗುತ್ತಾರೆ, ಕೆಲವೇ ದಿನಗಳಲ್ಲಿ ಅವರ ನಂಬಿಕೆ ಗಳಿಸಬೇಕು. ನೀವು ಅವರನ್ನು ದ್ರೋಣಾಚಾರ್ಯರಿಗೆ ಹೋಲಿಸಿದ್ದೀರಿ. ದಯವಿಟ್ಟು ತೆಗೆಯಿರಿ. ದ್ರೋಣರು ಶಿಷ್ಯರನ್ನು ಆರಿಸಿಕೊಂಡವರು, ಬೇಡದವನನ್ನು ದೂರ ಇಟ್ಟವರು. ಪಾರ್ಕ್ ಅವರದು ಬಂದವರನ್ನು ಕಟ್ಟಿಕೊಂಡು ನಡೆದ ಬದುಕು. ಸಾಂಗ್ಜು ಬಿಟ್ಟ ಮೇಲೆ ಅವರು ಹೋದದ್ದು ಮೂರನೇ ದರ್ಜೆಯಲ್ಲಿದ್ದ ಚಾಂಗ್ವೊನ್ ನಗರದ ತಂಡಕ್ಕೆ. ವಿಯೆಟ್ನಾಂನ ಕರೆ ಬಂದಾಗ ಅವರು ಇದ್ದದ್ದು ಅಲ್ಲಿ, ವಯಸ್ಸು ಅರವತ್ತರ ಹತ್ತಿರ.

ಎರಡನೆಯ ದೊಡ್ಡ ಕೊರತೆ, ವಿಯೆಟ್ನಾಂನವರೇ ನಿಮ್ಮ ಲೇಖನದಲ್ಲಿ ಇಲ್ಲ. ಆ ಹುಡುಗರನ್ನು ಬೆಳೆಸಿದವರು ಯಾರು? ಹೊಆಂಗ್ ಆನ್ ಜಿಯಾ ಲಾಯ್ ಕ್ಲಬ್ 2007ರಲ್ಲೇ ಇಂಗ್ಲೆಂಡಿನ ಆರ್ಸೆನಲ್ ಜೊತೆ ಸೇರಿ ಅಕಾಡೆಮಿ ತೆರೆದು ಎಳೆಯ ಮಕ್ಕಳನ್ನು ತಂದಿಟ್ಟು ಕಲಿಸಿತು. ಪಾರ್ಕ್ ತಂಡದ ಆಟಗಾರರಾದ ಕೋಂಗ್ ಫುವಾಂಗ್, ಶುವಾನ್ ಚುವಾಂಗ್ ಬಂದದ್ದು ಅಲ್ಲಿಂದ. ಪಾರ್ಕ್ ಬರುವ ಮುನ್ನವೇ, 2017ರ ಮೇ ತಿಂಗಳಲ್ಲಿ, ವಿಯೆಟ್ನಾಂನ 20 ವರ್ಷದೊಳಗಿನವರು ತಮ್ಮದೇ ಕೋಚ್ ಹೊಆಂಗ್ ಆನ್ ತುವಾನ್ ಕೈಕೆಳಗೆ ಆ ವಯೋಮಿತಿಯ ವಿಶ್ವಕಪ್ ಆಡಿದ್ದರು. ಅದು ನಡೆದದ್ದು ಕೊರಿಯಾದಲ್ಲೇ. ಆ ತಂಡದಲ್ಲಿ ಕ್ವಾಂಗ್ ಹಾಯ್ ಇದ್ದ. ಏಳೆಂಟು ತಿಂಗಳ ನಂತರ, 2018ರ ಜನವರಿಯಲ್ಲಿ, ಚೀನಾದ ಚಾಂಗ್‌ಝೌನಲ್ಲಿ ಸುರಿಯುವ ಹಿಮದಲ್ಲಿ ಉಜ್ಬೇಕಿಸ್ತಾನದ ಎದುರು ಫ್ರೀಕಿಕ್ ಗೋಲು ಹೊಡೆದವನೂ ಅವನೇ. 23 ವರ್ಷದೊಳಗಿನವರ ಏಷ್ಯಾ ಫೈನಲ್ ಅದು. ಹೆಚ್ಚುವರಿ ಸಮಯದ ಕೊನೆಯ ಕ್ಷಣದಲ್ಲಿ 1-2ರಿಂದ ಸೋತರು, ಸೋತು ಬಂದವರನ್ನು ನೋಡಲು ಹನೋಯ್‌ನ ಬೀದಿಗಳು ತುಂಬಿದವು. ಇದನ್ನೆಲ್ಲ ಸೇರಿಸಿದರೆ ಪಾರ್ಕ್ ಚಿಕ್ಕವರಾಗುತ್ತಾರೆ ಅನ್ನುವ ಭಯ ಬೇಡ. ಅಷ್ಟು ಕಾಲದ ಸಿದ್ಧತೆಗೆ ಒಂದು ಆಕಾರ ಕೊಟ್ಟದ್ದೇ ಅವರ ಹೆಚ್ಚುಗಾರಿಕೆ. ಹಿಂದೆ ಮೂವರು ರಕ್ಷಕರನ್ನು ನಿಲ್ಲಿಸಿ, ಇಕ್ಕೆಲದವರನ್ನೂ ಹಿಂದಕ್ಕೆ ಕರೆಸಿ, ಚೆಂಡು ಸಿಕ್ಕೊಡನೆ ಮುನ್ನುಗ್ಗುವ ಅವರ ಆಟದ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಕೋಚ್ ಬಗ್ಗೆ ಬರೆದು ಆಟ ಬಿಡುವುದು ಹೇಗೆ?

ಆಟಗಾರನೊಬ್ಬನ ಪಾದ ಒತ್ತುತ್ತಿರುವ ವಿಡಿಯೊವನ್ನು ನೀವು ವಿನಯಕ್ಕೆ ಸಾಕ್ಷಿಯಾಗಿ ಬಳಸಿದ್ದೀರಿ. ನನಗೆ ಅಲ್ಲಿ ಬೇರೆಯೂ ಕಾಣುತ್ತದೆ. ದುಭಾಷಿಯ ಮೂಲಕವೇ ಮಾತಾಡಬೇಕಾದ ಕೋಚ್, ‘ನಿನ್ನ ಕಾಳಜಿ ನನಗಿದೆ’ ಎಂದು ಹೇಳಲು ಕೈಗಳನ್ನು ಬಳಸುತ್ತಿದ್ದಾರೆ. ಅದೇ ಮನುಷ್ಯ 2019ರ ಡಿಸೆಂಬರ್‌ನಲ್ಲಿ ಮನಿಲಾದಲ್ಲಿ ಆಗ್ನೇಯ ಏಷ್ಯಾ ಕ್ರೀಡಾಕೂಟದ ಫೈನಲ್‌ನಲ್ಲಿ ಇಂಡೊನೇಷ್ಯಾ ವಿರುದ್ಧ ಮೂರು ಗೋಲು ಮುಂದಿದ್ದಾಗಲೂ ರೆಫರಿ ಜೊತೆ ಜಗಳಕ್ಕೆ ನಿಂತು ಕೆಂಪು ಕಾರ್ಡ್ ಪಡೆದರು. ಅದನ್ನು ಯಾಕೆ ಬಿಟ್ಟಿರಿ? ಪಾದ ಒತ್ತಿದ ಕೈ, ಸಿಡಿದ ಸಿಟ್ಟು ಎರಡೂ ಒಂದೇ ಪುಟದಲ್ಲಿ ಇರಲಿ.

ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಆಗ್ನೇಯ ಏಷ್ಯಾದ ಎಎಫ್ಎಫ್ ಕಪ್ ವಿಯೆಟ್ನಾಂಗೆ ಮೊದಲು ಬಂದದ್ದು 2018ರಲ್ಲಲ್ಲ, 2008ರಲ್ಲಿ, ಪೋರ್ಚುಗಲ್‌ನ ಕ್ಯಾಲಿಸ್ಟೊ ಕೋಚ್ ಆಗಿದ್ದಾಗ. 2019ರ ಆಗ್ನೇಯ ಏಷ್ಯಾ ಕ್ರೀಡಾಕೂಟದ ಚಿನ್ನವನ್ನು ‘ಇತಿಹಾಸದಲ್ಲೇ ಮೊದಲು’ ಅನ್ನುವ ಮುನ್ನ 1959ರಲ್ಲಿ ಅಂದಿನ ದಕ್ಷಿಣ ವಿಯೆಟ್ನಾಂ ಗೆದ್ದದ್ದನ್ನು ನೆನೆಯಬೇಕು. ಏಕೀಕೃತ ದೇಶಕ್ಕೆ ಮೊದಲನೆಯದು ಎಂದು ಬರೆಯಿರಿ. ‘2022ರ ವಿಶ್ವಕಪ್‌ನಲ್ಲಿ ಚೀನಾವನ್ನು ಮಣಿಸಿದರು’ ಎಂದಿದ್ದೀರಿ. ಅದು ಅರ್ಹತಾ ಪಂದ್ಯ, 2022ರ ಫೆಬ್ರುವರಿ 1, ಅಲ್ಲಿನ ಹೊಸ ವರ್ಷದ ದಿನ, ಹನೋಯ್‌ನಲ್ಲಿ 3-1. ಏಷ್ಯಾದ ಕೊನೆಯ ಹಂತದ ಅರ್ಹತಾ ಸುತ್ತಿಗೆ ವಿಯೆಟ್ನಾಂ ತಲುಪಿದ್ದು ಅದೇ ಮೊದಲು. ಹತ್ತು ಪಂದ್ಯಗಳಲ್ಲಿ ಎಂಟು ಸೋತು, ಜಪಾನ್ ಜೊತೆ ಅದರದೇ ನೆಲದಲ್ಲಿ ಡ್ರಾ ಮಾಡಿಕೊಂಡು ಮರಳಿತು. ಎಂಟು ಸೋಲನ್ನೂ ಹೇಳಿದರೆ ಆ ಒಂದು ಗೆಲುವಿನ ತೂಕ ತಿಳಿಯುತ್ತದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊ ಚಿ ಮಿನ್ ನಗರದಲ್ಲಿ ಭಾರತ ಇದೇ ತಂಡಕ್ಕೆ 0-3ರಿಂದ ಸೋತಿತ್ತು. ನಮ್ಮ ಓದುಗರಿಗಾಗಿ ಅದನ್ನು ಒಂದು ಸಾಲಿನಲ್ಲಿ ಸೇರಿಸಿ, ಭಾರತದ ಫುಟ್‌ಬಾಲ್ ಬಗ್ಗೆ ನೀವು ಕೊನೆಗೆ ಅಂಟಿಸಿರುವ ಉಪದೇಶದ ಪ್ಯಾರಾ ತೆಗೆಯಿರಿ.

ಒಂದು ದೃಶ್ಯವನ್ನು ಮಾತ್ರ ವಿಸ್ತರಿಸಿ ಎಂದು ಕೇಳುತ್ತೇನೆ: 2018ರ ಆಗಸ್ಟ್ 29, ಇಂಡೊನೇಷ್ಯಾದಲ್ಲಿ ಏಷ್ಯನ್ ಗೇಮ್ಸ್ ಸೆಮಿಫೈನಲ್, ಎದುರಾಳಿ ದಕ್ಷಿಣ ಕೊರಿಯಾ. ಚಿನ್ನ ಗೆದ್ದರೆ ಕೊರಿಯಾದ ತಾರಾ ಆಟಗಾರ ಸನ್ ಹ್ಯುಂಗ್-ಮಿನ್ ಮತ್ತು ಸಂಗಡಿಗರಿಗೆ ಸೈನಿಕ ಸೇವೆಯಿಂದ ವಿನಾಯಿತಿ. ಸೈನಿಕ ತಂಡವನ್ನು ನಾಲ್ಕು ವರ್ಷ ನಡೆಸಿದ ಮನುಷ್ಯ ಆ ದಾರಿಗೆ ಅಡ್ಡ ನಿಂತಿದ್ದಾರೆ. ಫಲಿತಾಂಶ ಕೊರಿಯಾಕ್ಕೆ 3-1. ನಿಮ್ಮಲ್ಲಿ ಇದು ಒಂದು ಅಂಕಿ ಮಾತ್ರ.

ಕೊನೆಯಲ್ಲಿ ‘ವಿಜಯಶಾಲಿಯಾಗಿ ವಿದಾಯ ಹೇಳಿದರು’ ಎಂದಿದೆ. 2023ರ ಜನವರಿಯಲ್ಲಿ ಅವರ ಕೊನೆಯ ಪಂದ್ಯ ಎಎಫ್ಎಫ್ ಕಪ್‌ನ ಎರಡು ಪಂದ್ಯಗಳ ಫೈನಲ್‌ನಲ್ಲಿ ಎರಡನೆಯದು. ಥಾಯ್ಲೆಂಡ್‌ನಲ್ಲಿ 0-1ರಿಂದ ಸೋತರು. ಅದನ್ನು ಹಾಗೇ ಬರೆಯಿರಿ.

ಈಗಿನ ಉದ್ದವೇ ಇರಲಿ. ಬಾಲ್ಯದ ಎರಡು ಪ್ಯಾರಾ ಕತ್ತರಿಸಿದರೆ ಸಾಂಗ್ಜುವಿಗೆ ಜಾಗ ಸಿಗುತ್ತದೆ. ಹೊಸ ಕರಡನ್ನು ನನ್ನ ಹೆಸರಿಗೇ ಕಳಿಸಿ, ಬಂದ ಕೂಡಲೇ ಓದುತ್ತೇನೆ.

ಸಂಪಾದಕ