ಮೊಬೈಲಿಗೆ ಬಂದ ಚೀಟಿ ಅಂಗಡಿಯಲ್ಲಿ ನಡೆಯುತ್ತಾ?

ಮಧುಗಿರಿಯ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಮಗಳು ನ್ಯೂಯಾರ್ಕ್‌ನಲ್ಲಿದ್ದಾಳೆ. ಅಲ್ಲಿ ಡಾಕ್ಟರು ಕೈಗೆ ಚೀಟಿ ಕೊಡೋದೇ ಇಲ್ಲವಂತೆ, ನೇರವಾಗಿ ಔಷಧಿ ಅಂಗಡಿಗೆ ಹೋಗುತ್ತಂತೆ, ಹಾಗಂತ ಕಾನೂನೇ ಇದೆಯಂತೆ. ನಮ್ಮಮ್ಮನ ಬಿಪಿ ಮಾತ್ರೆಗೆ ತುಮಕೂರಿನ ಡಾಕ್ಟರು ಫೋನಿನಲ್ಲಿ ವಿಚಾರಿಸಿ ವಾಟ್ಸಾಪ್‌ನಲ್ಲಿ ಚೀಟಿ ಕಳಿಸಿದರು. ಅಂಗಡಿಯವರು 'ಪೇಪರ್ ತನ್ನಿ' ಅಂದರು. ನಮ್ಮಲ್ಲಿ ಅಂಥ ಕಾನೂನು ಇಲ್ಲವೇ?"

ಇಲ್ಲ, ಸ್ವಾಮಿ. ಚೀಟಿಯನ್ನು ಕಂಪ್ಯೂಟರಿನಲ್ಲೇ ಕಳಿಸಬೇಕು ಅಂತ ನಮ್ಮ ಡಾಕ್ಟರುಗಳಿಗೆ ದೇಶದ ಕಾನೂನು ಹೇಳುವುದಿಲ್ಲ. ಆದರೆ ಕಳಿಸಬಾರದು ಅಂತಲೂ ಹೇಳುವುದಿಲ್ಲ. 2020ರ ಮಾರ್ಚ್ 25ರಂದು, ಲಾಕ್‌ಡೌನ್ ಶುರುವಾದ ದಿನವೇ, ಕೇಂದ್ರದ ಟೆಲಿಮೆಡಿಸಿನ್ (ಫೋನು, ವಿಡಿಯೊ ಮೂಲಕ ಚಿಕಿತ್ಸೆ) ಮಾರ್ಗಸೂಚಿ ಬಂತು. ಸಹಿ ಹಾಕಿದ ಚೀಟಿಯ ಫೋಟೊವನ್ನು ಡಾಕ್ಟರು ಮೆಸೇಜಿನಲ್ಲಿ ಕಳಿಸಬಹುದು ಅಂತ ಅದರಲ್ಲೇ ಇದೆ. ಡಾಕ್ಟರು ನೇರ ಅಂಗಡಿಗೆ ಕಳಿಸುವುದಾದರೆ ರೋಗಿಯ ಒಪ್ಪಿಗೆ ಬೇಕು. ಯಾವ ಅಂಗಡಿ ಅನ್ನೋದು ರೋಗಿಯ ಇಷ್ಟ.

ಹಾಗಂತ ಅಂಗಡಿಯವರನ್ನು ಸುಮ್ನೆ ಬೈಯಲೂ ಆಗಲ್ಲ. ಔಷಧಿ ಕೊಟ್ಟಾಗ ಅಂಗಡಿಯ ಹೆಸರು, ವಿಳಾಸ, ತಾರೀಖು ಚೀಟಿಯ ಮೇಲೇ ಬರೆಯಬೇಕು ಅಂತ 1945ರ ಔಷಧಿ ನಿಯಮಗಳಲ್ಲಿದೆ. ಅಂಗಡಿಯವರು ಇದನ್ನೇ ಸೀಲಾಗಿ ಒತ್ತುತ್ತಾರೆ. ಆ ಸೀಲು ಬಿದ್ದರೆ ಅದೇ ಚೀಟಿ ತೋರಿಸಿ ಇನ್ನೊಂದು ಅಂಗಡಿಯಲ್ಲಿ ಮತ್ತೆ ಕೊಳ್ಳುವುದು ಕಷ್ಟ. ಮೊಬೈಲಿನ ಪರದೆಗೆ ಸೀಲು ಒತ್ತುವುದು ಹೇಗೆ? ಒಂದೇ ಫೋಟೊ ಹಿಡಿದು ಹತ್ತು ಅಂಗಡಿ ಸುತ್ತಬಹುದಲ್ವಾ? ನ್ಯೂಯಾರ್ಕ್‌ನವರ ತಲೆನೋವೂ ಹೆಚ್ಚುಕಡಿಮೆ ಇದೇ. ಕದ್ದ ಚೀಟಿ, ತಿದ್ದಿದ ಚೀಟಿ ತೋರಿಸಿ ಅಮಲಿನ ನೋವಿನ ಮಾತ್ರೆ ಕೊಳ್ಳುವವರು ಜಾಸ್ತಿಯಾಗಿದ್ದರು. ಅದಕ್ಕೇ 2016ರ ಮಾರ್ಚ್ 27ರಿಂದ ಅಲ್ಲಿ ಎಲ್ಲ ಚೀಟಿಯೂ ಕಂಪ್ಯೂಟರಿನಲ್ಲೇ ಹೋಗಬೇಕು ಅಂತಾಯಿತು. ಕರೆಂಟು ಹೋದರೆ, ಯಂತ್ರ ಕೆಟ್ಟರೆ ವಿನಾಯಿತಿ ಉಂಟು. ನಮ್ಮಲ್ಲಾಗಿದ್ದರೆ ವಿನಾಯಿತಿಯೇ ನಿಯಮವಾಗಿಬಿಡುತ್ತಿತ್ತೇನೋ!

ಬಿಪಿ ಮಾತ್ರೆ ಮುಂದುವರಿಸಲು ಫೋನಿನ ಚೀಟಿ ಸಾಕು. ಆಲ್ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆಗೆ ಸಾಲದು. ಅದನ್ನು ಫೋನಿನಲ್ಲಿ ಬರೆದುಕೊಡುವಂತೆಯೇ ಇಲ್ಲ.

ನನ್ನನ್ನು ಕೇಳಿದರೆ, ಚೀಟಿ ಹೇಗೆ ಬಂತು ಅನ್ನೋದಕ್ಕಿಂತ ಓದಲು ಬರುತ್ತಾ ಅನ್ನೋದು ದೊಡ್ಡದು. ಹೋದ ವರ್ಷ ಬಿ.ಎಚ್. ರಸ್ತೆಯ ಒಂದು ಮೆಡಿಕಲ್ಸ್‌ನಲ್ಲಿ ನಮ್ಮ ಭಾವನ ಚೀಟಿ ಕೊಟ್ಟೆ. ಮೂರು ಜನ ತಲೆಗೆ ತಲೆ ಕೊಟ್ಟು ನೋಡಿದರು. ಹುಡುಗನೊಬ್ಬ ತಿರುಗಿಸಿ ಹಿಡಿದ. 1-0-1 ಅನ್ನೋದು ಎಲ್ಲರಿಗೂ ಗೊತ್ತಾಯಿತು, ಯಾವ ಮಾತ್ರೆ ಅಂತ ಮಾತ್ರ ಗೊತ್ತಾಗಲಿಲ್ಲ. ಕೊನೆಗೆ ಡಾಕ್ಟರಿಗೇ ಫೋನ್ ಹಚ್ಚಿದರು. ಔಷಧಿಯ ಮೂಲ (ಜೆನೆರಿಕ್) ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಿರಿ ಅಂತ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ಹೇಳಿತ್ತು.

ಮುಂದಿನ ಸಲ ಫೋಟೊ ಬಂದ ತಕ್ಷಣ ದೊಡ್ಡದು ಮಾಡಿ ನೋಡಿ. ಅಮ್ಮನ ಹೆಸರು, ತಾರೀಖು, ಎಷ್ಟು ಮಾತ್ರೆ, ಡಾಕ್ಟರ ಸಹಿ, ನೋಂದಣಿ ಸಂಖ್ಯೆ ಎಲ್ಲ ಇದೆಯಾ? ಇದ್ದರೆ ಹತ್ತು ರೂಪಾಯಿಗೆ ಒಂದು ಪ್ರಿಂಟ್ ತೆಗೆಸಿಕೊಂಡು ಹೋಗಿ. ಅಂಗಡಿಯವರಿಗೂ ಸೀಲು ಒತ್ತಲು ಜಾಗ ಸಿಗುತ್ತದೆ.

– ಸಂಪಾದಕ