ಬ್ಲೇಡು ಕೆಳಗಿಡಿ ಸರ್, ಆ ಪುಟ ಇಡಿಯಾಗಿ ಇರಲಿ

ನಿನ್ನೆ ನಮ್ಮ ಗುಂಪಿನಲ್ಲಿ ನೀವು ಹಾಕಿದ ಫೋಟೊ ನೋಡಿ ಎದೆ ಧಸಕ್ ಅಂತು. ಶಿಕಾಗೋದಿಂದ ಅಳಿಯ ತಂದುಕೊಟ್ಟ ಹಳೇ ಪೇಪರ್, ಶಿಕಾಗೋ ಡೈಲಿ ಟ್ರಿಬ್ಯೂನ್, 3 ನವೆಂಬರ್ 1948. ಪಕ್ಕದಲ್ಲಿ ಸ್ಟೀಲ್ ಸ್ಕೇಲು, ಬ್ಲೇಡು. "ಡ್ಯೂಯಿ ಡಿಫೀಟ್ಸ್ ಟ್ರೂಮನ್ ಅನ್ನೋ ಹೆಡ್‌ಲೈನ್ ಮಾತ್ರ ಕತ್ತರಿಸಿ ಲ್ಯಾಮಿನೇಷನ್ ಮಾಡಿಸ್ತೀನಿ, ಉಳಿದದ್ದು ಯಾತಕ್ಕೆ" ಅಂತ ಬರೆದಿದ್ದೀರಿ. ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಡ್ಯೂಯಿ ಟ್ರೂಮನ್‌ರನ್ನು ಸೋಲಿಸಿದರು ಅಂತ ತಪ್ಪಾಗಿ ಅಚ್ಚಾದ ಪುಟ ಅದು. ದಯವಿಟ್ಟು ಬೇಡ. ಇದೇ ತಪ್ಪನ್ನು ನಾನು ಮಾಡಿದ್ದೇನೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಜ್ಜನ ಟ್ರಂಕಿನಲ್ಲಿ ಸ್ವಾತಂತ್ರ್ಯ ಬಂದಾಗಿನ ಒಂದು ಕನ್ನಡ ಪೇಪರ್ ಇತ್ತು. ನಾನು ದೊಡ್ಡ ತಲೆಬರಹ ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ, ಚಾವಡಿಯಲ್ಲಿ ಪಡುವಣ ಕಿಟಕಿಗೆ ಎದುರಾಗಿ ತೂಗುಹಾಕಿದೆ. ಉಳಿದದ್ದು ಬಚ್ಚಲ ಒಲೆಗೆ ಹೋಯಿತು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಪ್ಲಾಸ್ಟಿಕ್ಕಿನ ಒಳಗೇ ಕಾಗದ ಚಹಾ ಬಣ್ಣಕ್ಕೆ ತಿರುಗಿತ್ತು, ಅಂಚಿನಲ್ಲಿ ಗುಳ್ಳೆ ಎದ್ದಿತ್ತು. ಬಿಡಿಸೋಣ ಅಂದರೆ ಅಕ್ಷರ ಪ್ಲಾಸ್ಟಿಕ್ಕಿನ ಜೊತೆಗೇ ಎದ್ದು ಬಂತು. ಅದಕ್ಕಿಂತ ಸಂಕಟ ಆದದ್ದು ಆಮೇಲೆ. ಅಜ್ಜಿ ಕೇಳಿದರು, "ಅದರ ಒಳಪುಟದಲ್ಲಿ ಅಡಿಕೆ ಧಾರಣೆ ಇತ್ತಲ್ಲ ಮಗಾ, ಅದೆಲ್ಲಿ?" ಆ ವರ್ಷ ಆ ರೇಟಿಗೆ ಅಡಿಕೆ ಕೊಟ್ಟು ಅಜ್ಜ ಮೇಲಿನ ಗದ್ದೆ ತೆಗೆದುಕೊಂಡಿದ್ದರಂತೆ. ಪೇಪರ್ ಎತ್ತಿಟ್ಟಿದ್ದೇ ಆ ನಾಲ್ಕು ಸಾಲಿಗೆ. ಒಲೆಗೆ ಹಾಕಿದ್ದೂ ಅದನ್ನೇ.

ಈಗ ನಿಮ್ಮ ಪುಟಕ್ಕೆ ಬರುತ್ತೇನೆ. ಆ ದೊಡ್ಡ ಸಾಲು ಎಲ್ಲರಿಗೂ ಗೊತ್ತು. ಚುನಾವಣೆ ಗೆದ್ದ ಟ್ರೂಮನ್ 4ನೇ ತಾರೀಕು ವಾಷಿಂಗ್ಟನ್‌ಗೆ ವಾಪಸ್ ಹೋಗುವಾಗ, ಸೇಂಟ್ ಲೂಯಿಸ್ ಸ್ಟೇಷನ್ನಿನಲ್ಲಿ ರೈಲಿನ ಹಿಂಭಾಗದಲ್ಲಿ ನಿಂತು ಅದನ್ನು ಎತ್ತಿ ಹಿಡಿದು ಬಾಯಿ ತುಂಬಾ ನಕ್ಕ ಫೋಟೊ ನೋಡದವರು ಕಡಿಮೆ. ಡೆಮಾಕ್ರಾಟ್ ಟ್ರೂಮನ್‌ಗೆ 303 ಎಲೆಕ್ಟೊರಲ್ ಮತ (ರಾಜ್ಯವಾರು ಲೆಕ್ಕದ ಮತ), ರಿಪಬ್ಲಿಕನ್ ಡ್ಯೂಯಿಗೆ 189. ಆದರೆ ನಗು ಬರುವ ವಿಷಯ ಬರೀ ಆ ಸಾಲಿನಲ್ಲಿಲ್ಲ. ಅದೇ ಪುಟದಲ್ಲಿ ಇನ್ನೂ ಸ್ವಲ್ಪ ನೋಡಿ. ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ ರಿಪಬ್ಲಿಕನ್ನರ ಭರ್ಜರಿ ಗೆಲುವಿನ ಸೂಚನೆ, ಶಿಕಾಗೋ ನಗರದಲ್ಲಿ ಬಾಯ್ಲ್ (ಸರ್ಕಾರಿ ವಕೀಲರ ಹುದ್ದೆಗೆ ನಿಂತಿದ್ದವರು) ಮುಂದೆ, ಅಂತ ಇನ್ನೊಂದು ತಲೆಬರಹ ಇದೆ. ಆಗಿದ್ದೇನು ಗೊತ್ತಾ? ಇಲಿನಾಯ್‌ನಲ್ಲಿ ಗವರ್ನರ್ ಆದದ್ದು ಡೆಮಾಕ್ರಾಟ್ ಸ್ಟೀವನ್‌ಸನ್, ಸೆನೆಟರ್ ಆದದ್ದು ಡೆಮಾಕ್ರಾಟ್ ಡಗ್ಲಸ್, ರಾಜ್ಯವೂ ಟ್ರೂಮನ್ ಪಾಲಾಯಿತು. ಬೇರೆ ಊರಿನ ಸುದ್ದಿ ತಪ್ಪಿದರೆ ಒಂದು ಮಾತು, ಇದು ಪೇಪರಿನ ಸ್ವಂತ ಊರು! ಆ ಸಾಲಿನಲ್ಲಿ ನಿಜವಾಗಿ ನಿಂತದ್ದು ಬಾಯ್ಲ್ ಮಾತೊಂದೇ. ಅವರೂ ಡೆಮಾಕ್ರಾಟ್. ಹೆಡ್‌ಲೈನ್ ಕತ್ತರಿಸಿದರೆ ಇದೆಲ್ಲ ಕಸದ ಬುಟ್ಟಿಗೆ, ಅಲ್ವಾ?

ಯಾಕೆ ಹಾಗಾಯಿತು ಅನ್ನುವುದೂ ಆ ಪುಟದಲ್ಲೇ ಕಾಣುತ್ತದೆ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವರು ಒಂದು ವರ್ಷದಿಂದ ಮುಷ್ಕರ ಹೂಡಿದ್ದರು. ಹಾಗಾಗಿ ಸುದ್ದಿಯನ್ನು ಟೈಪ್‌ರೈಟರಿನಲ್ಲಿ ಹೊಡೆದು, ಫೋಟೊ ತೆಗೆದು, ಅದರಿಂದ ಅಚ್ಚಿನ ಪ್ಲೇಟು ಮಾಡುತ್ತಿದ್ದರು. ಈ ಸುತ್ತುಬಳಸಿಗೆ ಜಾಸ್ತಿ ಹೊತ್ತು ಬೇಕು, ಮಾಮೂಲಿಗಿಂತ ಎಷ್ಟೋ ಗಂಟೆ ಮೊದಲೇ ಅಚ್ಚಿಗೆ ಕಳಿಸಬೇಕು. ಮತ ಎಣಿಕೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ವಾಷಿಂಗ್ಟನ್ ವರದಿಗಾರ ಹೆನಿಂಗ್ ಡ್ಯೂಯಿಯೇ ಅಂದರು. ಹಿಂದಿನ 5 ಚುನಾವಣೆಗಳಲ್ಲಿ 4 ಸಲ ಅವರ ಮಾತು ಸರಿಯಾಗಿತ್ತು, ಸಂಪಾದಕರು ನಂಬಿದರು. ಗ್ಯಾಲಪ್ ಸಂಸ್ಥೆಯ ಮತದಾರರ ಸಮೀಕ್ಷೆಯೂ ಡ್ಯೂಯಿ ಅಂತಲೇ ಹೇಳಿತ್ತು, ಅದೂ ಅಕ್ಟೋಬರ್ ಮಧ್ಯದಲ್ಲೇ ಕೇಳುವುದನ್ನು ನಿಲ್ಲಿಸಿ. ತಪ್ಪು ಗೊತ್ತಾಗಿ ತಲೆಬರಹ ಬದಲಿಸುವಷ್ಟರಲ್ಲಿ ಸುಮಾರು 1,50,000 ಪ್ರತಿ ಹೊರಗೆ ಹೋಗಿತ್ತು.

ಸಂಭ್ರಮ ಪಡುವ ಮೊದಲು ಒಂದು ಕೆಲಸ ಮಾಡಿ. ಈ ಪುಟದ ಮರುಮುದ್ರಣ ಬೇಕಾದಷ್ಟಿದೆ, ಹಳೇದರ ಹಾಗೆ ಕಾಣಲಿ ಅಂತ ಕಂದು ಬಣ್ಣ ಬಳಿದದ್ದೂ ಇದೆ. ಟೈಪ್‌ರೈಟರ್ ಅಕ್ಷರ ಕಂಡ ಕೂಡಲೇ ಅಸಲಿ ಅಂದುಕೊಳ್ಳಬೇಡಿ, ನಕಲಿಯಲ್ಲೂ ಅದು ಹಾಗೇ ಬರುತ್ತದೆ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಮೇಜಿಗೆ ಮಲಗಿಸಿ, ಬೆಳಕು ಓರೆಯಾಗಿ ಬೀಳುವ ಹಾಗೆ ಎರಡನೇ ಪುಟ ನೋಡಿ. ಆಗಿನದು ಒತ್ತಿ ಹೊಡೆದ ಅಚ್ಚು. ಮೊದಲ ಪುಟದ ದಪ್ಪ ಅಕ್ಷರದ ಅಂಚು ಹಿಂದೆ ಸಣ್ಣಗೆ ಉಬ್ಬಿರುತ್ತದೆ, ಬೆರಳ ತುದಿಗೂ ಸಿಗುತ್ತದೆ. ಹಾಗೆ ಒತ್ತದ ಆಫ್‌ಸೆಟ್ ಅಚ್ಚಿನ ನಕಲಿ ನುಣ್ಣಗಿರುತ್ತದೆ. ಹಿಂಬದಿ ಖಾಲಿ ಇದ್ದರಂತೂ ಕೇಳುವುದೇ ಬೇಡ. ವರ್ಷಗಟ್ಟಲೆ ಭಾರದ ಕೆಳಗೆ ಇದ್ದ ಪೇಪರಿನಲ್ಲಿ ಉಬ್ಬು ತಗ್ಗಿರಬಹುದು, ಅದಕ್ಕೆ ಇದೊಂದನ್ನೇ ನಂಬದೆ ಒಳಪುಟಗಳೂ ಇವೆಯಾ ನೋಡಿ. ಅಳಿಯ ಒಂದೇ ಹಾಳೆ ತಂದಿದ್ದರೆ ಉಳಿದ ಪುಟ ಎಲ್ಲಿ ಅಂತ ಕೇಳಿ.

ಅಸಲಿ ಆಗಿದ್ದರೆ ನಾನು ಮಾಡುವುದು ಹೀಗೆ. ಪೂರ್ತಿ ಬಿಡಿಸಿ ಚಪ್ಪಟೆಯಾಗಿ ಇಡುವುದು, ಮಡಚುವುದಿಲ್ಲ. ಹಿಂದೆ ಬಫರ್ಡ್ ಆಸಿಡ್ ಫ್ರೀ ಹಾಳೆ (ಆಮ್ಲ ಇಲ್ಲದ, ಆಮ್ಲ ಹೀರಿಕೊಳ್ಳುವ ಕಾಗದ), ಮೇಲೆ ಕೆಳಗೆ ಪಾಲಿಯೆಸ್ಟರ್ ಹಾಳೆ, 75 ಅಥವಾ 100 ಮೈಕ್ರಾನ್. ಎರಡು ಬದಿ ತೆರೆದೇ ಇರಲಿ. ನಾಲ್ಕೂ ಬದಿ ಮುಚ್ಚಿದರೆ ಕಾಗದದ ಆಮ್ಲ ಒಳಗೇ ಕೂತು ಅದನ್ನೇ ತಿನ್ನುತ್ತದೆ. ಪಾಲಿಯೆಸ್ಟರ್ ಹಾಳೆಗಳಲ್ಲಿ ನನಗೆ ಮೆಲಿನೆಕ್ಸ್ ಬ್ರ್ಯಾಂಡ್ ಇಷ್ಟ, ದುಡ್ಡು ಜಾಸ್ತಿ ಆದರೂ ಅದೇ. ಪ್ಯಾಕಿಂಗ್ ಅಂಗಡಿಯಲ್ಲಿ ಮೈಲಾರ್ (ಪಾಲಿಯೆಸ್ಟರ್ ಹಾಳೆಯ ಇನ್ನೊಂದು ಬ್ರ್ಯಾಂಡ್) ಅಂತ ಕೇಳಿದರೆ ಬೆಳ್ಳಿ ಬಣ್ಣದ ಹಾಳೆ ಕೊಡುತ್ತಾರೆ, ಅದಲ್ಲ. ಪಿವಿಸಿ ಕವರ್ ಮನೆಗೇ ತರಬೇಡಿ. ಅಂಚು ಪುಡಿ ಉದುರುತ್ತಿದ್ದರೆ ಪಾಲಿಯೆಸ್ಟರೂ ಬೇಡ, ಹಾಳೆಯ ಸ್ಥಾಯೀವಿದ್ಯುತ್ತಿಗೆ ಚೂರುಗಳು ಎದ್ದು ಬರುತ್ತವೆ. ಆಗ ಆಸಿಡ್ ಫ್ರೀ ಫೋಲ್ಡರ್ ಸಾಕು.

ಫೋಟೊದಲ್ಲಿ ಬಲಗಡೆ ಹರಿದ ಜಾಗಕ್ಕೆ ಸೆಲ್ಲೋ ಟೇಪ್ ಕಾಣುತ್ತಿದೆ. ನೀವು ಹಚ್ಚಿದ್ದಾ, ಮೊದಲೇ ಇತ್ತಾ? ನೀವೇ ಆಗಿದ್ದರೆ ಇನ್ನೊಂದು ತುಂಡು ಹಚ್ಚಬೇಡಿ. ಹಚ್ಚಿದ್ದನ್ನು ಎಳೆಯಲೂ ಬೇಡಿ. ಹರಿದಲ್ಲಿಗೆ ಜಪಾನಿ ಟಿಶ್ಯೂ (ತೆಳುವಾದ ಗಟ್ಟಿ ನಾರಿನ ಕಾಗದ), ಗೋಧಿ ಪಿಷ್ಟದ ತೆಳು ಅಂಟು, ಅಷ್ಟೇ. ಫೆವಿಕಾಲ್ ಮರಕ್ಕೆ ಒಳ್ಳೇದು, ಪೇಪರಿಗೆ ಅಲ್ಲ. ಮೈದಾ ಗಂಜಿಗೆ ಜಿರಳೆ ಬರುತ್ತದೆ. ಕಾಗದದ ಆಮ್ಲ ಹೋಗಲಿ ಅಂತ ಸೋಡಾ ನೀರಿಗೆ ಮಿಲ್ಕ್ ಆಫ್ ಮ್ಯಾಗ್ನೀಷಿಯಾ (ಹೊಟ್ಟೆಗೆ ಕುಡಿಯುವ ಬಿಳಿ ಔಷಧ) ಹಾಕಿ ಪೇಪರ್ ಅದ್ದುವ ಉಪಾಯ ಇಲ್ಲೇ ಯಾರೋ ಹೇಳಿದ್ದರು. ಸುಮ್ನೆ ರದ್ದಿಯಲ್ಲಿ ಒಂದು ಹಾಳೆ ತಗೊಂಡು ಮಾಡಿ ನೋಡಿ, ಒದ್ದೆ ನ್ಯೂಸ್‌ಪ್ರಿಂಟ್ ಎತ್ತುವಾಗ ಕೈಗೆ ಏನು ಬರುತ್ತದೆ ಅಂತ ಗೊತ್ತಾಗುತ್ತದೆ.

ಹುಳ ಇದೆ ಅನ್ನಿಸಿದರೆ ಗಾಳಿಯಾಡದ ಚೀಲದಲ್ಲಿ ಹಾಕಿ ಎರಡು ವಾರ ಫ್ರೀಜರಿನಲ್ಲಿಡಿ, ಹೊರಗೆ ತೆಗೆದ ಕೂಡಲೇ ಬಿಚ್ಚಬೇಡಿ, ಒಂದು ದಿನ ಚೀಲದಲ್ಲೇ ಇರಲಿ. ನುಸಿ ಗುಳಿಗೆ ಪೆಟ್ಟಿಗೆಯಲ್ಲಿ ಬೇಡ. ನಮ್ಮ ಕರಾವಳಿಯ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್ ತನಕ ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ. ಗೋಡೆ ಬೆವರುತ್ತದೆ.

ಗೋಡೆಗೆ ತೂಗುಹಾಕುವ ಆಸೆ ಇದ್ದರೆ ಇಡೀ ಪುಟ ಸ್ಕ್ಯಾನ್ ಮಾಡಿಸಿ, ಪ್ರಿಂಟ್ ತೆಗೆಸಿ, ಅದಕ್ಕೆ ಎಷ್ಟು ಬೇಕಾದರೂ ಲ್ಯಾಮಿನೇಷನ್ ಮಾಡಿಸಿ. ಅಸಲಿ ಕತ್ತಲಲ್ಲಿ ಮಲಗಿರಲಿ.

ಇನ್ನೊಂದು ಮಾತು, ಎಲ್ಲರಿಗೂ. ಈ ಟ್ರಿಬ್ಯೂನ್ ಅಚ್ಚಾದಾಗ ನಮ್ಮ ಪ್ರಜಾವಾಣಿ ಶುರುವಾಗಿ ಮೂರು ವಾರವೂ ಆಗಿರಲಿಲ್ಲ. ಅದರ ಮೊದಲ ಸಂಚಿಕೆ 15 ಅಕ್ಟೋಬರ್ 1948ರದ್ದು. ಆ ವರ್ಷದ ಕನ್ನಡ ಪೇಪರ್ ಯಾರ ಅಟ್ಟದಲ್ಲಾದರೂ ಇದ್ದರೆ ಒಂದು ಹಾಳೆಯನ್ನೂ ಬೇರೆ ಮಾಡಬೇಡಿ. ಧಾರಣೆ, ಜಾಹೀರಾತು, ಮದುವೆ ಸುದ್ದಿ, ಎಲ್ಲ ಇರಲಿ.

ಸರ್, ಇವತ್ತು ರಾತ್ರಿ ಟಾರ್ಚ್ ಹಿಡಿದು ಎರಡನೇ ಪುಟದ ಫೋಟೊ ಹಾಕಿ. ಉಬ್ಬು ಕಂಡರೆ ಬಫರ್ಡ್ ಹಾಳೆ ನನ್ನ ಹತ್ತಿರ ಎರಡು ಜಾಸ್ತಿ ಇದೆ, ಕಳಿಸಿಕೊಡುತ್ತೇನೆ.