ಬೀಜದ ಸಿಪ್ಪೆ ಹುಟ್ಟಿದ್ದು ಹೇಗೆ? ಗಿಡದಿಂದ ಗಿಡಕ್ಕೆ ಅಷ್ಟೊಂದು ಬೇರೆ ಯಾಕೆ?

ಬೀಜದ ಸಿಪ್ಪೆ ತಾಯಿಗಿಡದ್ದೇ ಭಾಗ. ಹೂವಿನೊಳಗೆ ಮುಂದೆ ಬೀಜವಾಗುವ ಅಂಡಕ ಇರುತ್ತದಲ್ವಾ, ಅದನ್ನು ಸುತ್ತಿರುವ ಪದರಗಳೇ ಬಲಿತು ಸಿಪ್ಪೆಯಾಗುತ್ತವೆ.

ಸುಮಾರು 36 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲಿ ಈ ಹೊದಿಕೆ ಬಿಡಿಬಿಡಿ ಎಸಳುಗಳ ಹಾಗಿದೆ. ಆಮೇಲೆ ಅವು ಕೂಡಿಕೊಂಡವು. ಹೂಬಿಡದೆಯೇ ಬೀಜ ಕೊಡುವ ಪೈನ್, ಸೈಕಾಸ್‌ನಂಥ ಗಿಡಗಳಲ್ಲಿ ಪದರ ಒಂದೇ. ಹೂಬಿಡುವ ಹೆಚ್ಚಿನ ಗಿಡಗಳಲ್ಲಿ ಎರಡು. ಸೂರ್ಯಕಾಂತಿ, ಟೊಮೆಟೊ, ಕಾಫಿಗಳಲ್ಲಿ ಮತ್ತೆ ಒಂದಕ್ಕೇ ಇಳಿದಿದೆ.

ವೈವಿಧ್ಯದಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಹತ್ತಿ. ನಾವು ನೂಲುವ ಎಳೆ ಹತ್ತಿಬೀಜದ ಸಿಪ್ಪೆಯ ಕೂದಲು. ಒಂದೊಂದು ಎಳೆಯೂ ಒಂದೇ ಒಂದು ಜೀವಕೋಶ! ದಾಳಿಂಬೆಯಲ್ಲಿ ನಾವು ತಿನ್ನುವ ಕೆಂಪು ರಸಭಾಗವೂ ಸಿಪ್ಪೆಯ ಹೊರಪದರವೇ. ಹಕ್ಕಿಗಳು ತಿಂದು ಬೀಜ ಹರಡುತ್ತವೆ. ಗುಲಗಂಜಿಯ ಸಿಪ್ಪೆಯಲ್ಲಿ ಕೋಶಗಳು ಒತ್ತೊತ್ತಾಗಿ ನಿಂತು ನೀರನ್ನು ತಡೆಯುತ್ತವೆ. ಸಿಪ್ಪೆ ಸವೆದ ಮೇಲೆಯೇ ಮೊಳಕೆ. ಆರ್ಕಿಡ್ ಬೀಜ ಗಾಳಿಯಲ್ಲಿ ಹಾರಬೇಕು, ಹಾಗಾಗಿ ಸಿಪ್ಪೆ ತೀರಾ ತೆಳು.

ಕಾಯಿಯೇ ಕಾವಲು ಕಾಯುವ ಕಡೆಯೂ ಸಿಪ್ಪೆ ತೆಳುವಾಗುತ್ತದೆ. ಮಾವಿನ ಗಟ್ಟಿ ಗೊರಟು ಹಣ್ಣಿನ ಭಾಗ. ಅದನ್ನು ಒಡೆದರೆ ಒಳಗೆ ಸಿಗುವ ಕಾಗದದಂಥ ಪೊರೆಯೇ ಬೀಜದ ಸಿಪ್ಪೆ.